ಜಪಾನಿನ ಕಾಗದ, ನಮ್ಮ ಹಿತ್ತಿಲ ದಾಸವಾಳ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ವಾಚಕರ ಅಂಕಣದಲ್ಲಿ ಒಬ್ಬರು ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳುವವರ ಬಗ್ಗೆ ಬರೆದಿದ್ದರು. ಹಾಗೆ ಬೆಳೆದ ಮಕ್ಕಳು ಬಾವಿಯೊಳಗಿನ ಕಪ್ಪೆಗಳಾಗುತ್ತಾರೆ, ಊರಾಚೆ ಒಂದು ಪ್ರಪಂಚ ಇದೆ ಅನ್ನೋದೇ ಅವರಿಗೆ ಗೊತ್ತಾಗುವುದಿಲ್ಲ ಎಂದು ಅವರ ಮಾತು. ಓದಿ ನನಗೆ ನೋವಾಯಿತು. ಎರಡು ದಿನ ಮಿಷನ್ ತುಳಿಯುತ್ತಾ ಅದನ್ನೇ ಯೋಚಿಸಿದೆ. ಅವರು ಎತ್ತಿದ್ದು ಸುಮ್ನೆ ತಳ್ಳಿಹಾಕುವ ಪ್ರಶ್ನೆ ಅಲ್ಲ. ಅದಕ್ಕೇ ಈ ಪತ್ರ. ಉದ್ದವಾದರೆ ಕ್ಷಮಿಸಿ, ಆದರೆ ಪೂರ್ತಿ ಓದಿ.

ನಮ್ಮದು ಹೊಸನಗರ ತಾಲ್ಲೂಕಿನ ಒಂದು ಹಳ್ಳಿ. ಒಂದೂವರೆ ಎಕರೆ ಅಡಿಕೆ ತೋಟ ಇದೆ. ನಾನು ಮನೆಯಲ್ಲೇ ಟೈಲರಿಂಗ್ ಮಾಡುತ್ತೇನೆ. ಮಗಳಿಗೆ ಹನ್ನೊಂದು ವರ್ಷ, ಮಗನಿಗೆ ಎಂಟು. ಹತ್ತಿರದ ಶಾಲೆ ಮಕ್ಕಳಿಲ್ಲದೆ ಬಾಗಿಲು ಹಾಕಿತು. ಇನ್ನೊಂದು ಶಾಲೆಗೆ ಹೋಗಬೇಕೆಂದರೆ ಕಾಲುಸಂಕ ದಾಟಿ, ಗುಡ್ಡ ಹತ್ತಿಳಿದು ಬಸ್ಸಿಗೆ ಕಾಯಬೇಕು. ಮಗನಿಗೆ ಉಬ್ಬಸ ಬೇರೆ. ಒಂದು ಮಳೆಗಾಲ ಹೇಗೋ ಕಳಿಸಿದೆವು, ಆಮೇಲೆ ಆಗಲಿಲ್ಲ. ಈಗ ಮನೆಯಲ್ಲೇ ಕಲಿಯುತ್ತಾರೆ. ಗಣಿತ ಅವರಪ್ಪನದು, ಉಳಿದದ್ದು ನನ್ನದು. ಹದಿನಾಲ್ಕು ತುಂಬಿದ ಮೇಲೆ ರಾಷ್ಟ್ರೀಯ ಮುಕ್ತ ಶಾಲೆಯಿಂದ ಹತ್ತನೇ ತರಗತಿ ಪರೀಕ್ಷೆ ಕಟ್ಟಬಹುದು, ಹಾಗಾಗಿ ಆ ಚಿಂತೆ ಸದ್ಯಕ್ಕಿಲ್ಲ.

ಹೊರದೇಶದ ಪಾಠವನ್ನು ನಾನು ಶುರು ಮಾಡಿದ್ದೇ ತಪ್ಪು ದಾರಿಯಲ್ಲಿ. ಜಪಾನ್ ಎಂದು ತಲೆಬರಹ ಹಾಕಿಸಿದೆ. ಬಿಳಿ ಬಾವುಟದಲ್ಲಿ ಕೆಂಪು ಸೂರ್ಯ ಬರೆಸಿದೆ. ರಾಜಧಾನಿ ಟೋಕಿಯೊ, ನಾಣ್ಯ ಯೆನ್, ದೊಡ್ಡ ದ್ವೀಪಗಳು ನಾಲ್ಕು. ಬಾಯಿಪಾಠ ಮಾಡಿ ಒಪ್ಪಿಸಿದರು. ಮೂರನೇ ದಿನ ಕೇಳಿದರೆ ಮಗ "ಯಾವ ದೇಶ?" ಅಂದ. ತಪ್ಪು ಅವನದಲ್ಲ. ಆ ದೇಶದಲ್ಲಿ ಅವನಿಗೆ ಒಬ್ಬ ಮನುಷ್ಯನೂ ಸಿಕ್ಕಿರಲಿಲ್ಲ.

ಆಮೇಲೆ ಆಷಾಢದ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆ ನಿಮಗೆ ಹೇಳಬೇಕಾಗಿಲ್ಲ, ಹತ್ತಿರದ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಜಾಸ್ತಿ ಬೀಳುತ್ತದೆ. ಎಂಟು ದಿನ ಬಿಡದೆ ಸುರಿದಾಗ ಮಗ ಜಗಲಿಯಲ್ಲಿ ಕೂತು, "ಅಮ್ಮಾ, ಮಳೆ ನಿಲ್ಲಿಸೋಕೆ ಏನೂ ಇಲ್ವಾ?" ಎಂದು ಕೇಳಿದ. ಉತ್ತರ ಕರ್ನಾಟಕದ ಕಡೆ ಗುರ್ಜಿ ಆಡಿ ಮಳೆ ಕರೆಯುತ್ತಾರೆ, ನಿಲ್ಲಿಸುವುದು ನನಗೆ ಗೊತ್ತಿರಲಿಲ್ಲ. ಆಗ ಜಪಾನಿನ ಮಕ್ಕಳು ಮಾಡುವ ಒಂದು ಗೊಂಬೆ ನೆನಪಾಯಿತು. ಹೆಸರು ತೆರು ತೆರು ಬೋಜು. ತೆರು ಎಂದರೆ ಹೊಳೆ, ಬೆಳಗು. ಬೋಜು ಎಂದರೆ ತಲೆ ಬೋಳಿಸಿದ ಸನ್ಯಾಸಿ. ಬಿಳಿ ಬಟ್ಟೆಯ ನಡುವೆ ಹತ್ತಿ ಉಂಡೆ ಇಟ್ಟು, ಕುತ್ತಿಗೆಗೆ ದಾರ ಕಟ್ಟಿ, ಸೂರಿಗೆ ನೇತು ಹಾಕಿದರೆ ನಾಳೆ ಬಿಸಿಲು ಬರುತ್ತದೆ ಎಂದು ಅಲ್ಲಿನ ಮಕ್ಕಳ ನಂಬಿಕೆ. ನನ್ನ ಹತ್ತಿರ ಬಿಳಿ ಯೂನಿಫಾರ್ಮಿನ ತುಂಡುಗಳು ಬೇಕಾದಷ್ಟು ಇರುತ್ತವೆ. ಇಬ್ಬರೂ ಸೇರಿ ಒಂಬತ್ತು ಗೊಂಬೆ ಮಾಡಿ ಸೂರಿನುದ್ದಕ್ಕೂ ಕಟ್ಟಿದರು.

ಮಳೆ ನಿಲ್ಲಲಿಲ್ಲ. ಆದರೆ ರಾತ್ರಿ ಮಲಗುವಾಗ ಮಗ ಕೇಳಿದ: "ಅಲ್ಲಿ ಮಕ್ಕಳಿಗೂ ಮಳೆ ಅಂದ್ರೆ ಬೇಜಾರಾ? ಅವರಿಗೂ ಆಚೆ ಆಡೋಕೆ ಬಿಡಲ್ವಾ?"

ಅವತ್ತಿನಿಂದ ಜಪಾನ್ ನಮ್ಮ ಮನೆಯಲ್ಲಿ ಜನ ಇರುವ ದೇಶವಾಯಿತು. ಅವರಿಗೂ ಜೂನ್, ಜುಲೈನಲ್ಲಿ ಜಡಿಮಳೆಯ ಕಾಲ ಇದೆ, ಅದಕ್ಕೆ ತ್ಸುಯು ಅನ್ನುತ್ತಾರೆ, ಬರೆಯುವಾಗ ಪ್ಲಮ್ ಹಣ್ಣು ಮತ್ತು ಮಳೆ ಎಂಬ ಎರಡು ಅಕ್ಷರ ಸೇರಿಸಿ ಬರೆಯುತ್ತಾರೆ ಎಂದಾಗ, ಮಗಳು ಆರಿದ್ರಾ, ಪುನರ್ವಸು, ಪುಷ್ಯ ಎಂದು ನಮ್ಮ ಮಳೆಗಳ ಹೆಸರನ್ನು ಪಕ್ಕದಲ್ಲಿ ಬರೆದಿಟ್ಟಳು. ಫ್ಯೂಜಿ ಪರ್ವತ 3776 ಮೀಟರ್, ನಮ್ಮ ಕೊಡಚಾದ್ರಿ 1343. ಮೂರು ಕೊಡಚಾದ್ರಿ ಒಂದರ ಮೇಲೊಂದು ಇಟ್ಟರೆ ಫ್ಯೂಜಿಗಿಂತ ಸ್ವಲ್ಪ ಎತ್ತರ ಎಂದು ಮಗನೇ ಲೆಕ್ಕ ಹಾಕಿ ಕೆಮ್ಮಣ್ಣಿನಲ್ಲಿ ಗುಡ್ಡ ಮಾಡಿ ತೋರಿಸಿದ.

ಆದರೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಕಾಗದದ ಕತೆ.

ಜಪಾನಿನ ಕೈಕಾಗದಕ್ಕೆ ವಾಶಿ ಅನ್ನುತ್ತಾರೆ. ಕೋಜೊ ಎಂಬ ಗಿಡದ ತೊಗಟೆಯಿಂದ ಜಾಸ್ತಿ ಮಾಡುತ್ತಾರೆ, ಅದು ನಮ್ಮ ರೇಷ್ಮೆ ಹುಳು ತಿನ್ನುವ ಹಿಪ್ಪುನೇರಳೆಯ ಬಳಗದ್ದು. ತೊಗಟೆ ಸುಲಿದು, ಹೊರಗಿನ ಕಪ್ಪು ಕೆರೆದು, ಬೂದಿ ನೀರಿನಲ್ಲೋ ಸೋಡಾದಲ್ಲೋ ಬೇಯಿಸಿ, ಹರಿಯುವ ನೀರಿನಲ್ಲಿ ತೊಳೆದು, ಒಂದೊಂದು ಕಸವನ್ನೂ ಕೈಯಲ್ಲಿ ಆರಿಸಿ, ಮರದ ಕೊಡತಿಯಲ್ಲಿ ಬಡಿಯುತ್ತಾರೆ. 2014ರಲ್ಲಿ ಯುನೆಸ್ಕೋ ಅಲ್ಲಿನ ಮೂರು ಕಡೆಯ ಈ ಕಸುಬನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಓದಿದ ಮಗಳು, "ನಾವೂ ಮಾಡೋಣ" ಅಂದಳು. ಕೋಜೊ ನಮ್ಮಲ್ಲಿಲ್ಲ. ತೋಟದಲ್ಲಿ ಗೊನೆ ಕಡಿದ ಬಾಳೆ ಬಿದ್ದಿತ್ತು.

ಬಾಳೆಯ ಪಟ್ಟೆಯನ್ನು ಬೆರಳುದ್ದ ಕತ್ತರಿಸಿ, ಬಚ್ಚಲೊಲೆಯ ಬೂದಿ ಕಲಸಿ ತಿಳಿಯಾದ ನೀರಿನಲ್ಲಿ ಹಳೇ ಪಾತ್ರೆಯಲ್ಲಿ ನಾಲ್ಕು ತಾಸು ಬೇಯಿಸಿದೆ. ಆ ನೀರು ಕೈ ಸುಡುತ್ತದೆ, ಅದನ್ನು ಮಕ್ಕಳ ಕೈಗೆ ಕೊಡಬೇಡಿ. ಪಾತ್ರೆಯೂ ಕಬ್ಬಿಣದ್ದೋ ಸ್ಟೀಲಿನದೋ ಇರಲಿ, ಅಲ್ಯೂಮಿನಿಯಂ ಆದರೆ ಬೂದಿ ನೀರು ತಿನ್ನುತ್ತದೆ. ಚೆನ್ನಾಗಿ ತೊಳೆದ ಮೇಲೆ ಒರಳಿಗೆ ಹಾಕಿದೆವು. ಇಬ್ಬರೂ ಸರದಿಯಲ್ಲಿ ಒನಕೆ ಹಿಡಿದು ಕುಟ್ಟಿದರು. ಹಳೇ ಫೋಟೊ ಫ್ರೇಮಿಗೆ ಸೊಳ್ಳೆಪರದೆ ಬಿಗಿದು ಜರಡಿ ಮಾಡಿ, ಟಬ್ಬಿನಲ್ಲಿ ನಾರು ಕದಡಿ ಎತ್ತಿದರೆ ನೀರು ಸರ್ರನೆ ಇಳಿದು ಹೋಯಿತು. ನಾರೆಲ್ಲ ಒಂದು ಕಡೆ ಸೆಗಣಿ ತಟ್ಟಿದ ಹಾಗೆ ಕೂತಿತು, ಇನ್ನೊಂದು ಕಡೆ ಬರೀ ತೂತು. ಮೂರು ಸಲ ಎತ್ತಿದರೂ ಅದೇ. ಮಗ ಅಳುವುದೊಂದು ಬಾಕಿ.

ಮಗಳು ಮತ್ತೆ ಓದಲು ಕೂತಳು. ನಾವು ಒಂದು ಸಾಲು ಹಾರಿಸಿದ್ದೆವು. ಜಪಾನಿನವರು ನೀರಿಗೆ ನೆರಿ ಎಂಬ ಲೋಳೆ ಸೇರಿಸುತ್ತಾರೆ. ತೊರೊರೊ ಅವೊಯಿ ಎಂಬ ಗಿಡದ ಬೇರನ್ನು ಜಜ್ಜಿ ತೆಗೆಯುವ ಲೋಳೆ ಅದು. ನಾನೂ ಅದನ್ನು ಅಂಟು ಅಂದುಕೊಂಡಿದ್ದೆ, ಅಂಟಲ್ಲ. ನಾರು ಒಂದಕ್ಕೊಂದು ಸುತ್ತಿಕೊಳ್ಳದೆ, ತಳಕ್ಕೂ ಕೂರದೆ ನೀರಿನಲ್ಲಿ ಬಿಡಿಬಿಡಿಯಾಗಿ ತೇಲುತ್ತಿರಲು, ಜರಡಿಯಿಂದ ನೀರು ನಿಧಾನ ಇಳಿಯಲು ಅದು ಬೇಕು. ಆ ಗಿಡ ಬೆಂಡೆ, ದಾಸವಾಳದ ಬಳಗ ಎಂದು ಓದುತ್ತಿದ್ದವಳು ತಲೆ ಎತ್ತಿ ನನ್ನ ಕೂದಲು ನೋಡಿದಳು. "ಅಮ್ಮಾ, ನೀನು ತಲೆಗೆ ಹಾಕ್ತೀಯಲ್ಲ, ದಾಸವಾಳದ ಸೊಪ್ಪಿನ ಲೋಳೆ!"

ಆ ಕ್ಷಣ ಅವಳ ಮುಖ ಹೇಗಿತ್ತು ಅನ್ನೋದನ್ನು ಬರೆಯಲು ನನಗೆ ಬರುವುದಿಲ್ಲ. ಮಳೆಯಲ್ಲೇ ಓಡಿಹೋಗಿ ಮಡಿಲ ತುಂಬ ಸೊಪ್ಪು ತಂದಳು. ನೀರಿನಲ್ಲಿ ಕಿವುಚಿ, ಬಟ್ಟೆಯಲ್ಲಿ ಸೋಸಿ, ಟಬ್ಬಿಗೆ ಹಾಕಿ ಕಲಕಿದೆವು. ಈ ಸಲ ನಾರು ಮೋಡದ ಹಾಗೆ ಹರಡಿ ನಿಂತಿತು. ಜರಡಿ ಎತ್ತಿ ಹಿಂದೆ ಮುಂದೆ ತೂಗಿದಾಗ ನೀರು ಮೆಲ್ಲಗೆ ಇಳಿದು ಒಂದು ಒದ್ದೆ ಹಾಳೆ ಉಳಿಯಿತು. ಹಲಗೆಗೆ ಅಂಟಿಸಿ ಅಡಿಕೆ ಒಣಗಿಸುವ ಅಟ್ಟದಲ್ಲಿ ಇಟ್ಟೆವು. ನಾಲ್ಕು ದಿನ ಬೇಕಾಯಿತು ಒಣಗಲು. ಒಂದು ಮೂಲೆ ರೊಟ್ಟಿಯಷ್ಟು ದಪ್ಪ, ಇನ್ನೊಂದು ಮೂಲೆ ಈರುಳ್ಳಿ ಸಿಪ್ಪೆಯಷ್ಟು ತೆಳು, ಮೂಸಿದರೆ ಹೊಗೆ ವಾಸನೆ. ಆದರೆ ಅದು ಕಾಗದ. ಬೆಳಕಿಗೆ ಹಿಡಿದರೆ ಬಾಳೆಯ ನಾರು ಒಂದೊಂದೂ ಕಾಣುತ್ತದೆ.

ಜಪಾನಿನಲ್ಲಿ ಕಾಗದದ ಕೆಲಸ ಮೊದಲಿನಿಂದಲೂ ಚಳಿಗಾಲದ್ದು. ತಣ್ಣಗಿನ ನೀರಿನಲ್ಲಿ ಲೋಳೆಯ ಗುಣ ಕೆಡುವುದಿಲ್ಲ. ಬೇಸಾಯದವರಿಗೆ ಆಗ ಹೊಲದ ಕೆಲಸವೂ ಇರುವುದಿಲ್ಲ. ಮಗಳು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮಗೆ ಚಳೀಲಿ ಅಡಿಕೆ ಕೊನೆಕೊಯ್ಲು, ಪುರುಸೊತ್ತೇ ಇರಲ್ಲ. ನಾವು ಮಳೇಲೇ ಮಾಡ್ಬೇಕು, ಆದ್ರೆ ಮಳೇಲಿ ಒಣಗಲ್ಲ" ಅಂದಳು. ಹವಾಮಾನ, ಬೇಸಾಯ, ಕಸುಬು ಒಂದಕ್ಕೊಂದು ಹೇಗೆ ಕಟ್ಟಿಕೊಂಡಿವೆ ಎಂದು ನಾನು ಹೇಳಿಕೊಡಲಿಲ್ಲ. ಒನಕೆ ಹಿಡಿದು ಕೈ ಬೊಬ್ಬೆ ಬಂದ ಮೇಲೆ ಅವಳಿಗೇ ಹೊಳೆಯಿತು.

ಕೊಕ್ಕರೆ ಮಡಚುವುದನ್ನೂ ಕಲಿತರು. ನಮ್ಮ ಬಾಳೆ ಕಾಗದ ಮಡಚಿದರೆ ಬಿರುಕು ಬಿಡುತ್ತದೆ, ಹಾಗಾಗಿ ಬೇರೆ ಕಾಗದ. ಹಿರೋಶಿಮಾದ ಸದಾಕೊ ಸಸಾಕಿಯ ಕತೆ ಹೇಳಬೇಕೋ ಬೇಡವೋ ಎಂದು ನಾನು ತುಂಬ ದಿನ ಹಿಂದೆ ಮುಂದೆ ನೋಡಿದೆ. 1945ರ ಆಗಸ್ಟ್ 6ರಂದು ಅಲ್ಲಿ ಅಣುಬಾಂಬು ಬಿದ್ದಾಗ ಅವಳಿಗೆ ಎರಡು ವರ್ಷ. ಹತ್ತು ವರ್ಷದ ಮೇಲೆ ರಕ್ತದ ಕ್ಯಾನ್ಸರ್ ಕಾಣಿಸಿತು. ಸಾವಿರ ಕೊಕ್ಕರೆ ಮಡಚಿದರೆ ಬೇಡಿದ್ದು ಆಗುತ್ತದೆಂದು ಆಸ್ಪತ್ರೆಯಲ್ಲಿ ಔಷಧಿ ಸುತ್ತಿದ ಕಾಗದವನ್ನೂ ಬಿಡದೆ ಮಡಚಿದಳು. ಸಾವಿರ ದಾಟಿತ್ತು ಎಂದು ಅವಳ ಮನೆಯವರು ಹೇಳುತ್ತಾರೆ. 1955ರಲ್ಲಿ, ಹನ್ನೆರಡನೇ ವಯಸ್ಸಿಗೆ ತೀರಿಕೊಂಡಳು. ನನ್ನ ಮಗ ಕೂಡ ಔಷಧಿ ತೆಗೆದುಕೊಳ್ಳುವ ಹುಡುಗ. ಅವನಿಗೆ ಹೆದರಿಕೆ ಆದರೆ? ಮೊದಲು ಮಗಳಿಗೆ ಹೇಳಿದೆ. ತಿಂಗಳ ಮೇಲೆ ಅವನೇ ಕೇಳಿದ, ಹೇಳಿದೆ. "ಆಮೇಲೆ?" ಅಂದ. ಅವಳ ಜೊತೆ ಓದುತ್ತಿದ್ದ ಮಕ್ಕಳು ಹಣ ಕೂಡಿಸಲು ಶುರು ಮಾಡಿದರು, ದೇಶದ ಮಕ್ಕಳೆಲ್ಲ ಕೈ ಸೇರಿಸಿದರು, 1958ರಲ್ಲಿ ಹಿರೋಶಿಮಾದಲ್ಲಿ ಅವಳ ಪ್ರತಿಮೆ ನಿಂತಿತು, ಅವಳು ಎರಡೂ ಕೈ ಎತ್ತಿ ಕೊಕ್ಕರೆ ಹಿಡಿದಿದ್ದಾಳೆ ಎಂದೆ. ಮಾರನೇ ದಿನ ನೋಡಿದರೆ ಅವನ ಇನ್ಹೇಲರ್ ಡಬ್ಬಿಯೊಳಗಿನ ಸಣ್ಣಕ್ಷರದ ಚೀಟಿ ಕೊಕ್ಕರೆಯಾಗಿ ಕಿಟಕಿಯಲ್ಲಿ ಕೂತಿತ್ತು. ಈಗ ಅಲ್ಲಿ ಹನ್ನೊಂದು ಇವೆ.

ಮೇ 5 ಅಲ್ಲಿ ಮಕ್ಕಳ ದಿನ. ಬಟ್ಟೆಯ ಮೀನುಗಳನ್ನು ಗಳಕ್ಕೆ ಕಟ್ಟಿ ಗಾಳಿಗೆ ಹಾರಿಸುತ್ತಾರೆ. ಹರಿವಿಗೆ ಎದುರಾಗಿ ಈಜಿ ಜಲಪಾತ ಹತ್ತುವ ಮೀನಿನ ಹಾಗೆ ಮಕ್ಕಳು ಗಟ್ಟಿಯಾಗಲಿ ಎಂದು. ಇದನ್ನು ನಾನು ವಿವರಿಸುವ ಮೊದಲೇ ಮಗ "ಹತ್ತುಮೀನು!" ಎಂದು ಕೂಗಿದ. ಮೊದಲ ಮಳೆಗೆ ಹಳ್ಳ ಹತ್ತಿ ಗದ್ದೆಗೆ ಬರುವ ಮೀನು ಅವನಿಗೆ ಗೊತ್ತು. ಹಳೇ ಪಂಚೆಯಲ್ಲಿ ಎರಡು ಮೀನು ಹೊಲಿದುಕೊಟ್ಟೆ, ಅವರಪ್ಪ ಬಿದಿರಿನ ಸೀಳು ಬಗ್ಗಿಸಿ ಬಾಯಿಗೆ ಬಳೆ ಮಾಡಿ ಹಳೇ ದೋಟಿಗೆ, ಅಂದರೆ ಕೊಯ್ಲಿನ ಉದ್ದ ಗಳಕ್ಕೆ ಕಟ್ಟಿದರು.

ಈಗ ಒಂದು ಬೇಸರದ ಮಾತು. ಪೇಟೆಯ ಒಂದು ಶಾಲೆಯಲ್ಲಿ ಬೇರೆ ಬೇರೆ ದೇಶಗಳ ವೇಷದ ಕಾರ್ಯಕ್ರಮ ಇತ್ತು. ಒಬ್ಬ ತಾಯಿ ಬಂದು ಮಗಳಿಗೆ ಜಪಾನಿನ ಉಡುಪು ಕಿಮೋನೊ ಹೊಲಿಸಿಕೊಂಡು ಹೋದರು. ಮೊಬೈಲಿನಲ್ಲಿ ತೋರಿಸಿದ ಫೋಟೊ ನೋಡಿ, ಹಳೇ ಸೀರೆಯಲ್ಲಿ ನಾನೇ ಹೊಲಿದೆ. ಬಲಗಡೆಯ ಮಗ್ಗುಲು ಮೇಲೆ ಬರುವಂತೆ ಇಟ್ಟು ಕೊಕ್ಕೆ ಹಾಕಿದ್ದೆ. ಜಪಾನಿನಲ್ಲಿ ಯಾವಾಗಲೂ ಎಡಗಡೆಯದು ಮೇಲೆ ಬರಬೇಕು, ಬಲಗಡೆಯದು ಮೇಲೆ ಬರುವುದು ಸತ್ತವರಿಗೆ ಉಡಿಸುವಾಗ ಮಾತ್ರ ಎಂದು ಆಮೇಲೆ ಗೊತ್ತಾಯಿತು. ಬಟ್ಟೆ ಹೊಲಿದು ಬದುಕುವವಳಾಗಿ ನನಗೆ ತುಂಬ ನಾಚಿಕೆ ಆಯಿತು. ಆ ದಿನ ಮಕ್ಕಳ ಕಣ್ಣಿಗೆ ಕಾಡಿಗೆ ಎಳೆದು ಸಣ್ಣ ಮಾಡಿದ್ದರಂತೆ, ನೋಡಿದವರೆಲ್ಲ ನಕ್ಕರಂತೆ. ಇನ್ನೊಂದು ದೇಶದ ಮಕ್ಕಳು ಹಣೆಗೆ ದೊಡ್ಡ ಬೊಟ್ಟಿಟ್ಟು ನಮ್ಮ ಹಾಗೆ ತಲೆ ಆಡಿಸಿ ನಕ್ಕರೆ ನಮಗೆ ಹೇಗಾಗುತ್ತದೆ, ಹೇಳಿ.

ಅದೇ ಕಿಮೋನೊವನ್ನು ಕತ್ತರಿ ಹಿಡಿದು ಕಲಿತರೆ ಎಷ್ಟೊಂದು ಇದೆ! ಒಂದೇ ಥಾನಿನ ಸುಮಾರು ಹದಿನಾಲ್ಕು ಇಂಚು ಅಗಲದ ಬಟ್ಟೆಯನ್ನು ನೇರ ಪಟ್ಟಿಗಳಾಗಿ ಕತ್ತರಿಸುತ್ತಾರೆ. ನಾವು ರವಿಕೆಗೆ ಕಂಕುಳು, ಕೊರಳು ಎಂದು ದುಂಡಗೆ ಕತ್ತರಿಸಿ ಎಸೆಯುವಷ್ಟು ಬಟ್ಟೆ ಅಲ್ಲಿ ಹಾಳಾಗುವುದಿಲ್ಲ. ಹೊಲಿಗೆ ಬಿಚ್ಚಿದರೆ ಮತ್ತೆ ಉದ್ದನೆಯ ಪಟ್ಟಿಗಳೇ. ಹಾಗೆ ಬಿಚ್ಚಿ ಒಗೆದು ಮತ್ತೆ ಹೊಲಿದು ವರ್ಷಗಟ್ಟಲೆ ಉಡುತ್ತಿದ್ದರು. ನ್ಯೂಸ್‌ಪೇಪರಿನಲ್ಲಿ ಇದನ್ನು ಕತ್ತರಿಸಿ ತೋರಿಸಿದಾಗ ಮಗಳು, "ಹಾಗಾದ್ರೆ ಅವರು ಬಟ್ಟೆಗೆ ಮರ್ಯಾದೆ ಕೊಡ್ತಾರೆ" ಅಂದಳು. ಅವಳಿಗೆ ಸಿಕ್ಕ ಜಪಾನ್ ಇದು.

ಕೆಳಮನೆಯಲ್ಲಿ ಒಬ್ಬರು ಅಜ್ಜಿ ಇದ್ದಾರೆ, ದೀವರ ಮನೆಯವರು. ಮಗಳು ತನ್ನ ಕಾಗದವನ್ನು ಅವರಿಗೆ ತೋರಿಸಲು ಹೋದಳು. ಅಜ್ಜಿ ಸವರಿ ನೋಡಿ, "ನಾರು ಬಡಿದು ಮಾಡಿದ್ದಾ? ನಾವೂ ಬಡಿತೀವಿ ಕೂಸೆ, ಪುಂಡಿ ನಾರು, ಚಿತ್ತಾರ ಬರೆಯೋಕೆ" ಅಂದರಂತೆ. ಅವರ ಗೋಡೆಯ ಹಸೆ ಚಿತ್ತಾರವನ್ನು ನಮ್ಮ ಮಕ್ಕಳು ಹುಟ್ಟಿದಾಗಿನಿಂದ ನೋಡಿದ್ದಾರೆ. ಒಂದು ದಿನವೂ ಹೇಗೆ ಮಾಡ್ತೀರಿ ಎಂದು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಅಕ್ಕಿ ಅರೆದ ಬಿಳಿ, ಕೆಮ್ಮಣ್ಣಿನ ಕೆಂಪು, ಸೀದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಕಳೆದ ಭೂಮಿ ಹುಣ್ಣಿಮೆಗೆ ಅಜ್ಜಿ ಬುಟ್ಟಿಗೆ ಚಿತ್ತಾರ ಬರೆಯುವಾಗ ಮಗಳು ಪಕ್ಕದಲ್ಲೇ ಕೂತಿದ್ದಳು. ಗೆರೆ ಎಳೆಯಲು ಅಜ್ಜಿ ಇನ್ನೂ ಬಿಟ್ಟಿಲ್ಲ, ಬಣ್ಣ ಅರೆಯುವ ಕೆಲಸ ಮಾತ್ರ ಸಿಕ್ಕಿದೆ. ಅದೇ ದೊಡ್ಡ ಖುಷಿ ಅವಳಿಗೆ.

ಬಾವಿಯ ಕಪ್ಪೆ ಎಂದು ಬರೆದವರಿಗೆ ನಾನು ಹೇಳುವುದು ಇಷ್ಟು. ಮನೆಯಲ್ಲಿ ಸಿಗದೇ ಇರುವುದು ಇದೆ, ಒಪ್ಪುತ್ತೇನೆ. ಹತ್ತಾರು ಮಕ್ಕಳ ನಡುವಿನ ಜಗಳ, ರಾಜಿ, ಅಮ್ಮನಲ್ಲದ ಇನ್ನೊಬ್ಬ ಟೀಚರ್, ಇವು ನನ್ನ ಕೈಯಲ್ಲಿಲ್ಲ. ಅದಕ್ಕೇ ಭಾನುವಾರ ಸುತ್ತಿನ ಮನೆಗಳ ಆರೇಳು ಮಕ್ಕಳನ್ನು ಕರೆಯುತ್ತೇವೆ, ಅವರೆಲ್ಲ ಶಾಲೆಗೆ ಹೋಗುವವರೇ. ಕಾಗದ ಎತ್ತುವಾಗ ಯಾರು ಜರಡಿ ಹಿಡಿಯಬೇಕೆಂದು ಸಾಕಷ್ಟು ಜಗಳ ಆಗುತ್ತದೆ. ತಾವು ಈ ಕಡೆ ಬಂದರೆ ನಮ್ಮ ಮನೆಗೆ ಬನ್ನಿ. ಮಕ್ಕಳೇ ತೋರಿಸುತ್ತಾರೆ.

ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ. ಮಕ್ಕಳ ಪುಟದಲ್ಲಿ ದೇಶಗಳ ಪರಿಚಯ ಕೊಡುತ್ತೀರಿ. ಬಾವುಟ, ರಾಜಧಾನಿಯ ಜೊತೆಗೆ ಆ ದೇಶದ ಜನ ಕೈಯಲ್ಲಿ ಮಾಡುವ ಒಂದು ವಸ್ತುವನ್ನೂ, ಅದನ್ನು ಏಕೆ ಹಾಗೆ ಮಾಡುತ್ತಾರೆ ಅನ್ನೋದನ್ನೂ ಕೊಡಿ. ನಮ್ಮ ಮನೆಯಲ್ಲಿ ಸಿಗುವ ಸಾಮಾನಿನಲ್ಲೇ ಮಾಡುವ ಹಾಗಿರಲಿ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ ಪುಸ್ತಕ, ಕಂಪ್ಯೂಟರ್ ಇವೆ. ಅಲ್ಲೇ ಒಂದು ಮೂಲೆಯಲ್ಲಿ ಮೇಜು, ನಾಲ್ಕು ಕತ್ತರಿ, ಗೋಂದು, ಹಳೇ ಪತ್ರಿಕೆಗಳ ಕಟ್ಟು ಇಟ್ಟರೆ ಮಳೆರಜೆಯ ದಿನ ಮಕ್ಕಳು ಏನು ಮಾಡಬಹುದು ಎಂದು ಅಧಿಕಾರಿಗಳು ಒಮ್ಮೆ ಯೋಚಿಸಲಿ. ಇದಕ್ಕೆ ದೊಡ್ಡ ದುಡ್ಡು ಬೇಡ.

ಕೊನೆಗೆ ಓದುಗರಲ್ಲಿ ಒಂದು ಸಹಾಯ. ನಮ್ಮ ಬಾಳೆ ಕಾಗದದ ಮೇಲೆ ಬರೆದರೆ ಶಾಯಿ ಹರಡುತ್ತದೆ. ಜಪಾನಿನವರು ಇದಕ್ಕೆ ಪ್ರಾಣಿಗಳ ತೊಗಲಿನ ಅಂಟು ಮತ್ತು ಪಟಕದ ನೀರು ಸವರುತ್ತಾರೆ. ತೊಗಲಿನ ಅಂಟು ನಮಗೆ ಬೇಡ ಎಂದು ಮಗಳ ಹಟ. ಹಿಂದೆ ನಮ್ಮವರು ಲೆಕ್ಕ ಬರೆಯುವ ಕಡತದ ಬಟ್ಟೆಗೆ ಇದ್ದಿಲು ಪುಡಿಯ ಜೊತೆ ಹುಣಸೆ ಬೀಜದ ಅಂಟು ಬಳಿಯುತ್ತಿದ್ದರು, ಅದನ್ನೇ ಕಾಗದಕ್ಕೆ ತೆಳ್ಳಗೆ ಸವರಿ ನೋಡೋಣ ಅನ್ನುತ್ತಿದ್ದಾಳೆ. ನಿನ್ನೆ ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು ನೆನೆಹಾಕಿದ್ದೇವೆ. ಎಷ್ಟು ನೀರಿಗೆ ಎಷ್ಟು ಬೀಜ, ಎಷ್ಟು ಹೊತ್ತು ಕುದಿಸಬೇಕು ಎಂದು ತಿಳಿದ ಹಿರಿಯರು ಯಾರಾದರೂ ಇದ್ದರೆ ದಯವಿಟ್ಟು ಈ ಅಂಕಣಕ್ಕೇ ಬರೆಯಿರಿ. ನಾವು ಪತ್ರಿಕೆ ತಪ್ಪದೆ ನೋಡುತ್ತೇವೆ.

ಇಂತಿ ನಿಮ್ಮ ಓದುಗಿ,
ಇಬ್ಬರು ಮಕ್ಕಳ ತಾಯಿ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ